ತೋಟದ ಮನೆಯಲ್ಲಿ ವೈಫೈ ನಿಲ್ಲುತ್ತಿಲ್ಲ: ಕೇಬಲ್ ಎಳೆಸಬಹುದೇ?

ಪ್ರಶ್ನೆ (ವಿರಾಜಪೇಟೆ ಸಮೀಪದಿಂದ)

ನಮಸ್ಕಾರ. ನಮ್ಮ ಮನೆಯ ಹಿಂಭಾಗ ಅಜ್ಜನ ಕಾಲದ್ದು. ಗೋಡೆಗಳೆಲ್ಲ ಕಲ್ಲು ಮಣ್ಣಿನವು, ಬಹಳ ದಪ್ಪ. ಫೈಬರ್ ಸಂಪರ್ಕ ಮುಂದಿನ ಜಗಲಿಯವರೆಗೆ ಬಂದಿದ್ದು, ಮೋಡೆಮ್ ಅಲ್ಲಿಯೇ ಇದೆ. ಹಿಂದಿನ ಕೋಣೆಯಲ್ಲಿ ಕುಳಿತು ಬೆಂಗಳೂರಿನ ಕಂಪನಿಯ ಕೆಲಸ ಮಾಡುವ ಮಗಳಿಗೆ ಮೀಟಿಂಗಿನ ನಡುವೆ ಧ್ವನಿ ಕಡಿದುಹೋಗುತ್ತದೆ. ರಿಪೀಟರ್ ತಂದು ಹಾಕಿದ ಮೇಲೆ ಫೋನಿನಲ್ಲಿ ಸಿಗ್ನಲ್ ಪೂರ್ತಿ ಕಾಣಿಸುತ್ತದೆಯೇ ಹೊರತು ವೇಗ ಬಂದಿಲ್ಲ. ಕಾಫಿ ಕಣದ ಆಚೆ, ಸುಮಾರು 60 ಮೀಟರ್ ದೂರದಲ್ಲಿ, ಹೋಂಸ್ಟೇಯ ಕೋಣೆಗಳೂ ಇವೆ. ಎರಡೂ ಕಡೆಗೆ ಕೇಬಲ್ ಎಳೆಸುವುದು ಸರಿಯೇ?

ಉತ್ತರ (ಗೋಣಿಕೊಪ್ಪಲಿನಿಂದ)

ಮೊದಲು ದೋಷ ಎಲ್ಲಿದೆ ಎಂಬುದನ್ನು ಖಚಿತಪಡಿಸಿಕೊಳ್ಳಿ. ಲ್ಯಾಪ್‌ಟಾಪನ್ನು ಜಗಲಿಗೆ ಒಯ್ದು, ಚಿಕ್ಕದೊಂದು ಲ್ಯಾನ್ ಕೇಬಲ್‌ನಿಂದ ನೇರವಾಗಿ ಮೋಡೆಮ್‌ಗೆ ಜೋಡಿಸಿ, ಅದೇ ಮೀಟಿಂಗನ್ನು ಅಲ್ಲಿ ನಡೆಸಿ ನೋಡಲಿ. ಆಗಲೂ ಧ್ವನಿ ಕಡಿದರೆ ತೊಂದರೆ ಹೊರಗಿನ ಲೈನಿನದು. ಮನೆಯೊಳಗೆ ಎಷ್ಟು ಕೇಬಲ್ ಎಳೆಸಿದರೂ ಪ್ರಯೋಜನವಿಲ್ಲ. ಸರಾಗವಾಗಿ ನಡೆದರೆ ನಿಮ್ಮ ಗೋಡೆಗಳೇ ಕಾರಣ. ವೈಫೈ ಬಳಸುವ ಎರಡು ಬಗೆಯ ತರಂಗಗಳಲ್ಲಿ 5 ಗಿಗಾಹರ್ಟ್ಸ್‌ನವು ಅಂತಹ ಗೋಡೆಗಳನ್ನು ದಾಟುವಷ್ಟರಲ್ಲಿ ಸೋತುಹೋಗುತ್ತವೆ, 2.4 ಗಿಗಾಹರ್ಟ್ಸ್ ತುಸು ಮುಂದೆ ಹೋದರೂ ವೇಗ ಕಡಿಮೆ.

ಫೋನಿನಲ್ಲಿ ಕಾಣುವುದು ರಿಪೀಟರ್‌ಗೂ ಫೋನಿಗೂ ನಡುವಿನ ಸಿಗ್ನಲ್ ಮಾತ್ರ. ರಿಪೀಟರ್‌ಗೆ ಮೋಡೆಮ್‌ನಿಂದ ಸಿಗುವುದೇ ದುರ್ಬಲವಾಗಿದ್ದರೆ ಅದು ಹಂಚುವುದಾದರೂ ಏನನ್ನು? ಸಾಲದ್ದಕ್ಕೆ ಸಾಮಾನ್ಯ ರಿಪೀಟರ್ ಪಡೆಯುವುದಕ್ಕೂ ಕಳುಹಿಸುವುದಕ್ಕೂ ಒಂದೇ ಚಾನೆಲ್ ಬಳಸುವುದರಿಂದ ವೇಗ ಸುಮಾರು ಅರ್ಧಕ್ಕೆ ಇಳಿಯುತ್ತದೆ.

ಆದ್ದರಿಂದ ಅಟ್ಟದ ಮೂಲಕ ಪೈಪಿನೊಳಗೆ ಕ್ಯಾಟ್-6 ದರ್ಜೆಯ ಲ್ಯಾನ್ ಕೇಬಲ್ ಎಳೆಸಿ, ಮಗಳ ಲ್ಯಾಪ್‌ಟಾಪಿಗೆ ನೇರವಾಗಿ ಕೊಡಿ. ಹಿಂಭಾಗದ ಫೋನುಗಳಿಗಾಗಿ ಹಳೆಯ ರೂಟರ್ ಒಂದಿದ್ದರೆ, ಅದರ ಡಿಎಚ್‌ಸಿಪಿ (ಉಪಕರಣಗಳಿಗೆ ನೆಟ್‌ವರ್ಕಿನ ಗುರುತಿನ ಸಂಖ್ಯೆ, ಅಂದರೆ ಐಪಿ ವಿಳಾಸ, ತಾನಾಗಿ ಹಂಚುವ ವ್ಯವಸ್ಥೆ) ನಿಲ್ಲಿಸಿ, ಮೋಡೆಮ್‌ಗಿಂತ ಬೇರೆಯಾದ ಐಪಿ ವಿಳಾಸ ಕೊಟ್ಟು, ಕೇಬಲನ್ನು ಅದರ ಲ್ಯಾನ್ ಪೋರ್ಟಿಗೆ ಸಿಕ್ಕಿಸಿದರೆ ಅದೇ ಆಕ್ಸೆಸ್ ಪಾಯಿಂಟ್ (ಕೇಬಲಿನಿಂದ ಬಂದದ್ದನ್ನು ವೈಫೈ ಆಗಿ ಹಂಚುವ ಸಾಧನ) ಆಗುತ್ತದೆ. ಹೊಸದನ್ನು ಕೊಳ್ಳುವ ಅಗತ್ಯವಿಲ್ಲ.

ಉತ್ತರ (ಸೋಮವಾರಪೇಟೆಯಿಂದ)

ಮನೆಯೊಳಗಿನ ವಿಚಾರಕ್ಕೆ ನನ್ನ ಒಪ್ಪಿಗೆಯಿದೆ. ಹೋಂಸ್ಟೇಗೆ ಮಾತ್ರ ತಾಮ್ರದ ಕೇಬಲ್ ಬೇಡ. ದೂರದ ದೃಷ್ಟಿಯಿಂದ ಅಡ್ಡಿಯಿಲ್ಲ, 100 ಮೀಟರ್‌ವರೆಗೂ ಗಿಗಾಬಿಟ್ ವೇಗ ಸಿಗುತ್ತದೆ. ಆದರೆ ಏಪ್ರಿಲ್, ಮೇ ತಿಂಗಳ ಗುಡುಗು ಮಳೆ ನಮ್ಮ ಜಿಲ್ಲೆಯವರಿಗೆ ಹೊಸದಲ್ಲ. ಸಿಡಿಲು ನೇರವಾಗಿ ಬಡಿಯಬೇಕೆಂದಿಲ್ಲ. ಹತ್ತಿರದ ಸಿಲ್ವರ್ ಓಕ್ ಮರಕ್ಕೆ ಬಡಿದರೂ ಎರಡು ಕಟ್ಟಡಗಳ ನಡುವಿನ ತಾಮ್ರದ ತಂತಿಯಲ್ಲಿ ವಿದ್ಯುತ್ ಉಕ್ಕಿ, ಎರಡೂ ತುದಿಯ ಉಪಕರಣಗಳು ಸುಟ್ಟುಹೋಗಬಹುದು. ಫೈಬರ್‌ನ ಗಾಜಿನ ಎಳೆಗೆ ಆ ಭಯವಿಲ್ಲ. ಎರಡು ತುದಿಗಳಿಗೂ ಮೀಡಿಯಾ ಕನ್ವರ್ಟರ್ (ಫೈಬರ್‌ನ ಬೆಳಕನ್ನು ಲ್ಯಾನ್ ಕೇಬಲಿನ ವಿದ್ಯುತ್ ಸಂಕೇತವಾಗಿ, ಅದನ್ನು ಮತ್ತೆ ಬೆಳಕಾಗಿ ಬದಲಿಸುವ ಪೆಟ್ಟಿಗೆ) ಹಾಕಿಸಿ. ಕೆಲವು ಫೈಬರ್ ಕೇಬಲ್‌ಗಳಲ್ಲಿ ಆಧಾರಕ್ಕೆಂದು ಉಕ್ಕಿನ ತಂತಿ ಇರುತ್ತದೆ; ಅದಿಲ್ಲದ್ದನ್ನೇ ಕೇಳಿ ತನ್ನಿ, ಇಲ್ಲವಾದರೆ ಫೈಬರ್ ಹಾಕಿಸಿದ ಉದ್ದೇಶವೇ ಕೆಡುತ್ತದೆ.

ಉತ್ತರ (ಕುಶಾಲನಗರದಿಂದ)

ಮನೆಯೊಳಗಿನ ಲ್ಯಾನ್ ಕೇಬಲ್ ಕೊಳ್ಳುವಾಗ ಅಪ್ಪಟ ತಾಮ್ರದ್ದೇ ಎಂದು ವಿಚಾರಿಸಿ. ಅಗ್ಗದ ಕೇಬಲ್‌ಗಳಲ್ಲಿ ಅಲ್ಯೂಮಿನಿಯಂ ಎಳೆಗೆ ತಾಮ್ರದ ಲೇಪವಿರುತ್ತದೆ. ಬಾಗಿಸಿದಲ್ಲಿ ಬೇಗ ಮುರಿಯುತ್ತದೆ. ತುದಿಗಳಿಗೆ ಪ್ಲಗ್ ಒತ್ತಿ ಕೂರಿಸಿದ (ಕ್ರಿಂಪ್ ಮಾಡಿಸಿದ) ಬಳಿಕ ಲ್ಯಾಪ್‌ಟಾಪಿನಲ್ಲಿ ಸಂಪರ್ಕದ ವೇಗ ನೋಡಿ. ಎರಡೂ ತುದಿಯ ಪೋರ್ಟುಗಳು ಗಿಗಾಬಿಟ್ ಆಗಿದ್ದೂ 1000ದ ಬದಲು 100 ಎಂದು ತೋರಿಸಿದರೆ, ಕೇಬಲಿನೊಳಗಿನ ನಾಲ್ಕು ಜೋಡಿ ತಂತಿಗಳಲ್ಲಿ ಯಾವುದೋ ಒಂದು ಸರಿಯಾಗಿ ಕೂತಿಲ್ಲ ಎಂದೇ ತಿಳಿಯಿರಿ. ಕೆಲಸದವರು ಹೊರಡುವ ಮೊದಲೇ ಸರಿಪಡಿಸಿಕೊಳ್ಳಿ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಧನ್ಯವಾದ. ಜಗಲಿಯಲ್ಲಿ ಪರೀಕ್ಷಿಸಿದೆವು, ಮೀಟಿಂಗ್ ಎಲ್ಲಿಯೂ ಕಡಿಯಲಿಲ್ಲ. ಕರೆಂಟು ಹೋದಾಗ ಹೋಂಸ್ಟೇಯಲ್ಲಿ ಸಂಪರ್ಕ ಉಳಿಯುವುದೇ?

ಉತ್ತರ (ಸೋಮವಾರಪೇಟೆಯಿಂದ)

ತಾನಾಗಿ ಉಳಿಯದು. ಎರಡೂ ತುದಿಯ ಕನ್ವರ್ಟರ್‌ಗಳು ಮತ್ತು ಅಲ್ಲಿನ ಆಕ್ಸೆಸ್ ಪಾಯಿಂಟ್ ವಿದ್ಯುತ್ತಿನಿಂದಲೇ ನಡೆಯುತ್ತವೆ. ಮನೆಯ ಕಡೆಯದನ್ನು ಮೋಡೆಮ್ ಜೊತೆಗೆ ಇನ್ವರ್ಟರ್ ಲೈನಿಗೆ ಸೇರಿಸಿ. ಹೋಂಸ್ಟೇ ಕಡೆಗೆ ರೂಟರ್‌ಗೆಂದೇ ಸಿಗುವ ಸಣ್ಣ ಯುಪಿಎಸ್ ಸಾಕು, ವೋಲ್ಟೇಜ್ ಹೊಂದುತ್ತದೆಯೇ ಎಂದು ಅಡಾಪ್ಟರ್ ಮೇಲೆ ನೋಡಿಕೊಂಡು ತನ್ನಿ.