‘ಜಪ್ತಿ’, ‘ಮುಟ್ಟುಗೋಲು’: ಆಸ್ತಿ ಕೈತಪ್ಪಿತು ಎನ್ನುವ ಪದ ಯಾವುದು?

ಆತ್ಮೀಯರೇ,

ವಕೀಲರ ಕಚೇರಿಯೊಂದರಲ್ಲಿ ಇಂಗ್ಲಿಷ್ ಕಾಗದಪತ್ರಗಳನ್ನು ಕನ್ನಡಕ್ಕೆ ತರುವುದು ನನ್ನ ಕೆಲಸ. ಕಳೆದ ತಿಂಗಳು ವಯಸ್ಸಾದ ತಾಯಿಯೊಬ್ಬರು ಬಂದಿದ್ದರು. ಮಗನ ಮೇಲೆ ಹಣ ಅಕ್ರಮ ವರ್ಗಾವಣೆಯ ಪ್ರಕರಣವಿದೆ. ನಾಲ್ಕು ಮಡಿಕೆ ಮಾಡಿದ ಪತ್ರಿಕೆಯ ತುಣುಕನ್ನು ಸೆರಗಿನ ಗಂಟಿನಿಂದ ತೆಗೆದು ಮೇಜಿನ ಮೇಲೆ ಹರಡಿದರು. ‘ಆಸ್ತಿ ಮುಟ್ಟುಗೋಲು’ ಎಂಬ ತಲೆಬರಹ. “ಮನೆ ಹೋಯಿತೇನಪ್ಪಾ? ಪಾತ್ರೆ ಪಡಗ ಕಟ್ಟಿಡಲೇ?” ಎಂದರು.

ಆದೇಶ ಓದಿದೆ. ಅದು ತಾತ್ಕಾಲಿಕ ಅಟ್ಯಾಚ್‌ಮೆಂಟ್. ಮನೆಯನ್ನು ಮಾರುವಂತಿಲ್ಲ, ದಾನ ಕೊಡುವಂತಿಲ್ಲ, ಅಷ್ಟೇ. ನ್ಯಾಯನಿರ್ಣಯ ಪ್ರಾಧಿಕಾರ 180 ದಿನಗಳೊಳಗೆ ಅದನ್ನು ದೃಢಪಡಿಸದಿದ್ದರೆ ಆದೇಶ ಬಿದ್ದುಹೋಗುತ್ತದೆ. ಅಷ್ಟು ದಿನವೂ ಮನೆಯವರು ಅಲ್ಲೇ ಇರಬಹುದೆಂದು 2002ರ ಹಣ ಅಕ್ರಮ ವರ್ಗಾವಣೆ ತಡೆ ಕಾಯ್ದೆಯ 5ನೇ ಕಲಮೇ ಹೇಳುತ್ತದೆ. ಇದನ್ನು ಅವರಿಗೆ ತಿಳಿಸಿ ಹೇಳಲು ಅರ್ಧ ಗಂಟೆ ಹಿಡಿಯಿತು. ತಲೆಬರಹದ ಆ ಒಂದು ಪದ ಅವರ ನಿದ್ದೆ ಕೆಡಿಸಿತ್ತು.

ತನಿಖೆಗೆಂದು ವಸ್ತು ಹಿಡಿಯುವುದು, ಮಾರದಂತೆ ತಡೆಯುವುದು, ಹಕ್ಕೇ ಸರ್ಕಾರಕ್ಕೆ ಹೋಗುವುದು: ಈ ಮೂರು ಬೇರೆ ಬೇರೆ ಸಂಗತಿಗಳಿಗೆ ನಮ್ಮಲ್ಲಿ ‘ಜಪ್ತಿ’, ‘ಮುಟ್ಟುಗೋಲು’ ಎಂಬ ಎರಡೇ ಪದಗಳು ಓಡಾಡುತ್ತಿವೆ, ಅವೂ ಅದಲುಬದಲಾಗುತ್ತಿವೆ. ಜಯಲಲಿತಾ ಅವರ ಅಕ್ರಮ ಆಸ್ತಿ ಪ್ರಕರಣದ ಒಡವೆಗಳನ್ನು ನೋಡಿ. ತನಿಖೆಯವರು 1996ರಲ್ಲಿ ಅವನ್ನು ಹಿಡಿದರು. ಸರ್ಕಾರಕ್ಕೆ ಸೇರಬೇಕೆಂದು ಬೆಂಗಳೂರಿನ ವಿಶೇಷ ನ್ಯಾಯಾಲಯ ತೀರ್ಪು ಕೊಟ್ಟದ್ದು 2014ರಲ್ಲಿ. ನಡುವೆ ಹೈಕೋರ್ಟಿನಲ್ಲಿ ಖುಲಾಸೆಯಾಗಿ, 2017ರಲ್ಲಿ ಸುಪ್ರೀಂ ಕೋರ್ಟ್ ಮೊದಲಿನ ತೀರ್ಪನ್ನೇ ಎತ್ತಿಹಿಡಿಯಿತು. ಒಡವೆಗಳು ತಮಿಳುನಾಡು ಸರ್ಕಾರದ ಕೈ ಸೇರಿದ್ದು 2025ರ ಫೆಬ್ರವರಿಯಲ್ಲಿ. 1996ರಲ್ಲಿ ಆದದ್ದಕ್ಕೂ 2014ರಲ್ಲಿ ಆದದ್ದಕ್ಕೂ ‘ಜಪ್ತಿ’ ಎಂದೇ ಬರೆದರೆ ನಡುವಿನ 18 ವರ್ಷಗಳ ವಿಚಾರಣೆಗೆ ಅರ್ಥವೇ ಉಳಿಯುವುದಿಲ್ಲ.

ಪಹಣಿ ನೋಡುವ ರೈತನಿಗೆ ಈ ವ್ಯತ್ಯಾಸ ಚೆನ್ನಾಗಿ ಗೊತ್ತು. ಋಣಗಳ ಕಾಲಂನಲ್ಲಿ ಒಂದು ಸಾಲು ಸೇರುವುದು ಬೇರೆ, ಮಾಲೀಕನ ಹೆಸರಿದ್ದಲ್ಲಿ ‘ಸರ್ಕಾರ’ ಎಂದು ಬರುವುದು ಬೇರೆ. ಮೊದಲನೆಯದು ತಡೆ, ಎರಡನೆಯದು ಶಿಕ್ಷೆ. ಹಳೆಯ ಭಾರತೀಯ ದಂಡ ಸಂಹಿತೆಯ 53ನೇ ಕಲಂ ಆಸ್ತಿ ಕಳೆದುಕೊಳ್ಳುವುದನ್ನು ಸೆರೆವಾಸ, ಜುಲ್ಮಾನೆಗಳ ಸಾಲಿನಲ್ಲೇ ಇಟ್ಟಿತ್ತು. ಅದರ ಬದಲಿಗೆ ಬಂದ 2023ರ ಭಾರತೀಯ ನ್ಯಾಯ ಸಂಹಿತೆಯ 4ನೇ ಕಲಮಿನಲ್ಲೂ ಅದು ಉಳಿದಿದೆ. ಆರೋಪ ಸಾಬೀತಾಗುವ ಮೊದಲೇ ಶಿಕ್ಷೆಯ ಪದವನ್ನು ತಲೆಬರಹಕ್ಕೆ ಏರಿಸುವುದು ಅನ್ಯಾಯ ಎಂದೇ ನಾನು ಭಾವಿಸುತ್ತೇನೆ.

ನನ್ನ ಸಲಹೆ ಇಷ್ಟು. ಪೊಲೀಸರು ಬೈಕನ್ನೋ ಚಾಕುವನ್ನೋ ಹಿಡಿದು, ಪಂಚರ ಮುಂದೆ ಬಟ್ಟೆಯಲ್ಲಿ ಸುತ್ತಿ ಅರಗಿನ ಮುದ್ರೆ ಒತ್ತಿದರೆ ‘ವಶ’. ಪರಭಾರೆಗೆ, ಅಂದರೆ ಮಾರಾಟ ದಾನಗಳಿಗೆ, ತಡೆ ಬಿದ್ದರೆ ‘ಜಪ್ತಿ’. ಅರಬ್ಬಿಯ ಜಬ್ತ್ ಎಂದರೆ ಹಿಡಿತ, ಬಿಗಿ. ಸಿವಿಲ್ ಕೋರ್ಟಿನ ಆದೇಶ ಜಾರಿ ಮಾಡುವ ಅಮೀನರು ಇಂದಿಗೂ ಅದೇ ಅರ್ಥದಲ್ಲಿ ಬಳಸುತ್ತಾರೆ. ತೀರ್ಪಿನ ನಂತರ ಹಕ್ಕೇ ಹೋದಾಗ ಮಾತ್ರ ‘ಮುಟ್ಟುಗೋಲು’. ತೊಡಕು ಠಾಣೆಯಲ್ಲಿದೆ: ಅಲ್ಲಿ ವಶಕ್ಕೆ ಪಡೆದ ದಾಖಲೆಯ ಹೆಸರೇ ‘ಜಪ್ತಿ ಪಂಚನಾಮೆ’. ಅದನ್ನು ಬದಲಿಸುವುದು ಸುಲಭವಲ್ಲ. ಆದರೂ ಅಟ್ಯಾಚ್ ಎಂಬುದಕ್ಕೆ ‘ಆಸ್ತಿ ಲಗತ್ತಿಸಲಾಗಿದೆ’ ಎಂಬ ಯಂತ್ರಾನುವಾದಕ್ಕಿಂತ ಯಾವುದಾದರೂ ಮೇಲು. ಲಗತ್ತಿಸುವುದು ಅರ್ಜಿಗೆ ಫೋಟೊವನ್ನು!

‘ಮುಟ್ಟುಗೋಲು’ ಪದದ ಒಳಗೆ ಕುಳಿತಿರುವುದು ಕೋಲೋ, ಕೋಳೋ? ವೀರಗಲ್ಲುಗಳ ‘ತುರುಗೋಳ್’ ಎಂದರೆ ದನಗಳನ್ನು ಹಿಡಿದೊಯ್ಯುವುದು; ಅಲ್ಲಿರುವುದು ‘ಕೊಳ್’ ಧಾತು. ಮುಟ್ಟು ಎಂದರೆ ಬೇಸಾಯದ ಮುಟ್ಟು, ಉಪಕರಣ ಎಂಬ ಅರ್ಥವೂ ಇದೆ. ಸಾಮಾನು ಸರಂಜಾಮು ಎತ್ತಿಕೊಂಡು ಹೋಗುವುದು ಎಂದಾದರೆ, ಳಕಾರ ಲಕಾರವಾಗಿರಬಹುದೆಂದು ನನ್ನ ಊಹೆ. ಹಳೆಯ ಪ್ರಯೋಗ ಬಲ್ಲವರು ತಿದ್ದಬೇಕು.

ಇನ್ನೊಂದು ಪ್ರಶ್ನೆ ಉತ್ತರ ಕರ್ನಾಟಕದವರಿಗೆ. ‘ಸಂಸ್ಥಾನ ಖಾಲಸಾ ಆಯಿತು’ (ಸರ್ಕಾರಕ್ಕೆ ಸೇರಿಹೋಯಿತು) ಎಂಬ ಮಾತನ್ನು ಹಿರಿಯರಿಂದ ಕೇಳಿದ್ದೇನೆ. ಅಪರಾಧಿಯ ಹೊಲಮನೆ ಸರ್ಕಾರದ ಪಾಲಾದಾಗಲೂ ನಿಮ್ಮ ಕಡೆ ಖಾಲಸಾ ಎನ್ನುತ್ತಿದ್ದರೇ, ಅಥವಾ ಅದಕ್ಕೆ ಬೇರೆ ಮಾತಿತ್ತೇ?