ಸಹಾಯ ಬೇಕು: ಅಮ್ಮನ ಗರ್ಭಕೋಶದ ಒಳಪದರ ದಪ್ಪ ಆಗಿದೆ

ಅಮ್ಮನಿಗೆ 58 ವರ್ಷ, ಮುಟ್ಟು ನಿಂತು 7 ವರ್ಷ ಆಗಿದೆ. ಹೋದ ತಿಂಗಳು ಒಳಉಡುಪಿನಲ್ಲಿ ಉಗುರಿನಷ್ಟು ಅಗಲದ ಕಂದು ಕಲೆ ಕಂಡಿದೆ, ಎರಡು ವಾರ ಯಾರಿಗೂ ಹೇಳದೆ ಸುಮ್ನೆ ಇದ್ದುಬಿಟ್ಟರು. ಸ್ಕ್ಯಾನ್‌ನಲ್ಲಿ ಒಳಪದರ 11 ಮಿ.ಮೀ. ಇತ್ತು. ಬಯಾಪ್ಸಿಯಲ್ಲಿ ಕ್ಯಾನ್ಸರ್ ಇಲ್ಲ, ಆದರೆ ಹೈಪರ್‌ಪ್ಲೇಸಿಯಾ (ಒಳಪದರದ ಜೀವಕೋಶಗಳು ಅತಿಯಾಗಿ ಬೆಳೆದಿರುವುದು) ಅಂತ ಬಂದಿದೆ. ಅಟಿಪಿಯಾ, ಅಂದರೆ ಜೀವಕೋಶಗಳ ರೂಪ ಅಸಹಜವಾಗಿರುವುದು, ಇಲ್ಲ.

ಡಾಕ್ಟರ್ ವಿವರಿಸಿದ್ದು ಹೀಗೆ. ಈಸ್ಟ್ರೋಜನ್ ಅನ್ನುವ ಹಾರ್ಮೋನ್ ಒಳಪದರವನ್ನು ಬೆಳೆಸುತ್ತದೆ, ಪ್ರೊಜೆಸ್ಟರಾನ್ ಅನ್ನುವ ಇನ್ನೊಂದು ಹಾರ್ಮೋನ್ ಅದನ್ನು ಹಿಡಿತದಲ್ಲಿಡುತ್ತದೆ. ಮುಟ್ಟು ನಿಂತ ಮೇಲೆ ಪ್ರೊಜೆಸ್ಟರಾನ್ ಇಲ್ಲವೆನ್ನುವಷ್ಟು ಕಡಿಮೆ, ಆದರೆ ಮೈಯಲ್ಲಿರುವ ಕೊಬ್ಬು ಈಸ್ಟ್ರೋಜನ್ ತಯಾರಿಸುತ್ತಲೇ ಇರುತ್ತದೆ, ಅಮ್ಮನ ತೂಕವೂ ಜಾಸ್ತಿ. ಮೇಲಾಗಿ ಸ್ತನ ಕ್ಯಾನ್ಸರ್ ಆದಾಗ 5 ವರ್ಷ ಟ್ಯಾಮಾಕ್ಸಿಫೆನ್ ತಗೊಂಡಿದ್ದರು. ಆ ಮಾತ್ರೆ ಸ್ತನದಲ್ಲಿ ಈಸ್ಟ್ರೋಜನ್ನನ್ನು ತಡೆದರೂ ಗರ್ಭಕೋಶದಲ್ಲಿ ತಾನೇ ಈಸ್ಟ್ರೋಜನ್ ತರಹ ಕೆಲಸ ಮಾಡುತ್ತದಂತೆ! ಅದನ್ನು ತಗೊಳ್ಳುವಾಗ ರಕ್ತ ಕಂಡರೆ ತಕ್ಷಣ ಹೇಳಿ ಅಂತ ನಮಗೆ ಯಾರೂ ಒತ್ತಿ ಹೇಳಿರಲಿಲ್ಲ, ಅದೇ ಬೇಜಾರು.

ಈಗ ಗೊಂದಲ ಇರುವುದು ಇಲ್ಲಿ. ಇದಕ್ಕೆ ಸಾಮಾನ್ಯವಾಗಿ ಪ್ರೊಜೆಸ್ಟಿನ್ (ಪ್ರೊಜೆಸ್ಟರಾನ್ ತರಹ ಕೆಲಸ ಮಾಡುವ ಔಷಧಿ) ಮಾತ್ರೆ ಅಥವಾ ಹಾರ್ಮೋನ್ ಇರುವ ಕಾಪರ್-ಟಿ ತರಹದ ಸಾಧನ ಕೊಡುತ್ತಾರೆ, ಆದರೆ ಅಮ್ಮನ ಸ್ತನ ಕ್ಯಾನ್ಸರ್ ಹಾರ್ಮೋನ್‌ಗೆ ಸ್ಪಂದಿಸುವ ಬಗೆಯದು, ಅದಕ್ಕೇ ಡಾಕ್ಟರ್ ಹಿಂದೆಮುಂದೆ ನೋಡುತ್ತಿದ್ದಾರೆ. ಗರ್ಭಕೋಶ ತೆಗೆಸುವ ಮಾತೂ ಬಂದಿದೆ. ಇದೇ ಪರಿಸ್ಥಿತಿಯಲ್ಲಿ ನಿಮ್ಮ ಮನೆಯವರು ಯಾವುದು ಆರಿಸಿಕೊಂಡರು? ಆಪರೇಷನ್ ಆದರೆ ಅಂಡಾಶಯವನ್ನೂ ತೆಗೆದರಾ? ಕ್ಯಾನ್ಸರ್ ಡಾಕ್ಟರ್ ಮತ್ತು ಸ್ತ್ರೀರೋಗ ತಜ್ಞರು ಇಬ್ಬರನ್ನೂ ಒಟ್ಟಿಗೆ ಕೂರಿಸಿ ಮಾತಾಡಿಸಬಹುದಾ? ಗುರುವಾರ ಮತ್ತೆ ಹೋಗಬೇಕು, ಏನೇನು ಕೇಳಬೇಕು ಅಂತ ದಯವಿಟ್ಟು ಹೇಳಿ.