ಪದಚರ್ಚೆ: ರನ್‌ವೇ ಮೇಲಿನ ‘ಮಂಜು’ ಮತ್ತು ವಿಮಾನದ ‘ಪತನ’

ಮಾನ್ಯರೇ,

ಶೀತದೇಶದ ನಿಲ್ದಾಣವೊಂದರಲ್ಲಿ ಒಂಟಿ ಎಂಜಿನ್ನಿನ ಸಣ್ಣ ವಿಮಾನವು ಇಳಿಯುವಾಗ ರನ್‌ವೇಯಿಂದ ಪಕ್ಕಕ್ಕೆ ಜಾರಿ, ಹಿಮದ ದಿಬ್ಬಕ್ಕೆ ಸಿಕ್ಕು ಮುಂದಿನ ಗಾಲಿ ಮುರಿದುಕೊಂಡ ಪ್ರಸಂಗವನ್ನು ಕಲಬುರಗಿಯ ವಿದ್ಯಾರ್ಥಿಗಳಿಗಾಗಿ ಕನ್ನಡದಲ್ಲಿ ಬರೆಯುತ್ತಿದ್ದೇನೆ. 2019ರಲ್ಲಿ ಕಲಬುರಗಿಗೂ 2020ರಲ್ಲಿ ಬೀದರ್‌ಗೂ ನಾಗರಿಕ ವಿಮಾನಸೇವೆ ಬಂದ ಮೇಲೆ ‘ರನ್‌ವೇ’ ಇಲ್ಲಿ ಯಾರಿಗೂ ಹೊಸದಲ್ಲ. ಅದನ್ನು ‘ಓಡುದಾರಿ’ ಎಂದು ಬದಲಿಸುವ ಇರಾದೆ ನನಗಿಲ್ಲ. ತೊಡಕಿರುವುದು ಬೇರೆ ಎರಡು ಪದಗಳಲ್ಲಿ.

ಮೊದಲನೆಯದು ‘ಮಂಜು’. ‘ಮಂಜಿನಿಂದಾಗಿ ವಿಮಾನ ಜಾರಿತು’ ಎಂದರೆ ನಮ್ಮ ಭಾಗದವರು ಪೈಲಟ್‌ಗೆ ದಾರಿ ಕಾಣಿಸಲಿಲ್ಲವೆಂದೇ ತಿಳಿಯುತ್ತಾರೆ. ಬಿಳಿಜೋಳದ ಹೊಲಗಳ ಮೇಲೆ ಬೆಳಗಿನ ಹೊತ್ತು ಕವಿಯುವ ಮಂಜನ್ನಷ್ಟೇ ಅವರು ಕಂಡಿರುವುದು. ನಿಘಂಟಿನ ಪ್ರಕಾರ ಅದು ಹಿಮವೂ ಹೌದು, ಇಬ್ಬನಿಯೂ ಹೌದು. ವಿಮಾನದ ಮಟ್ಟಿಗೆ ಇವು ಬೇರೆಬೇರೆ ಅಪಾಯಗಳು. ಗಾಳಿಯಲ್ಲಿ ಕವಿದದ್ದು ನೋಟವನ್ನು ತಡೆಯುತ್ತದೆ. ರನ್‌ವೇ ಮೇಲೆ ಹೆಪ್ಪುಗಟ್ಟಿದ್ದು ಗಾಲಿಯ ಹಿಡಿತವನ್ನೂ ಬ್ರೇಕಿನ ಬಲವನ್ನೂ ಕಳೆಯುತ್ತದೆ. ರೆಕ್ಕೆಯ ಮೇಲೆ ಉಪ್ಪುಕಾಗದದಂತೆ ಒರಟಾಗಿ ಕೂತ ತೆಳುಪದರವು ಎತ್ತುವ ಬಲವನ್ನು ಕುಗ್ಗಿಸಿ, ಎಂದಿನ ಸುರಕ್ಷಿತ ವೇಗದಲ್ಲಿಯೂ ವಿಮಾನ ಹಿಡಿತ ತಪ್ಪಿ ಕುಸಿಯುವಂತೆ ಮಾಡಬಲ್ಲದು. ಈ ಕೊನೆಯದನ್ನು ‘ಹೆಪ್ಪುಗಟ್ಟಿದ ಇಬ್ಬನಿ’ ಎನ್ನಲು ಮನಸ್ಸಾಗುತ್ತದೆಯಾದರೂ, ಅದು ನೀರಾಗದೆ ಆವಿಯಿಂದ ನೇರವಾಗಿ ಗಟ್ಟಿಯಾಗುವಂಥದ್ದು. (ಇಷ್ಟಕ್ಕೂ ಬೀದರ್‌ನ ಚಳಿಗೂ ಬರುವ ಇನ್ನೊಂದು ಬಗೆಯಿದೆ: ಹೊರಗೆ 20 ಡಿಗ್ರಿ ಸೆಲ್ಸಿಯಸ್ ಇದ್ದರೂ, ಗಾಳಿಯಲ್ಲಿ ತೇವ ಹೆಚ್ಚಿದ್ದರೆ, ಇಳಿಯಲೆಂದು ಎಂಜಿನ್ನಿನ ಶಕ್ತಿ ತಗ್ಗಿಸಿದಾಗ ಇಂಧನಕ್ಕೆ ಗಾಳಿ ಬೆರೆಸುವ ಕಾರ್ಬುರೇಟರಿನೊಳಗೆ ಮಂಜುಗಡ್ಡೆ ಕಟ್ಟಬಹುದು.)

ಗಾಳಿಯಲ್ಲಿರುವುದಕ್ಕೆ ‘ಮಂಜು’, ಉದುರಿ ಬಿದ್ದದ್ದಕ್ಕೆ ‘ಹಿಮ’ ಎಂದು ಸದ್ಯಕ್ಕೆ ಇಟ್ಟುಕೊಂಡಿದ್ದೇನೆ. ರನ್‌ವೇ ಮೇಲಿನದಕ್ಕೆ ‘ಮಂಜುಗಡ್ಡೆ’ ಒಗ್ಗುತ್ತಿಲ್ಲ, ಏಕೆಂದರೆ ಅಲ್ಲಿರುವುದು ಗಡ್ಡೆಯಲ್ಲ, ಕಣ್ಣಿಗೆ ಕಾಣದಷ್ಟು ತೆಳುವಾದ ಪದರ. ನಮ್ಮ ಕಡೆಯ ‘ಬರ್ಫ’ (ಐಸ್) ಎಂಬುದೇ ಲೇಸೆಂದು ನನ್ನ ಒಲವು. ‘ಬರ್ಫದ ಪದರ’ ಎಂದರೆ ಇಲ್ಲಿ ಯಾರೂ ತಪ್ಪು ತಿಳಿಯಲಾರರು. ಈ ಕೂದಲು ಸೀಳುವಿಕೆ ವ್ಯರ್ಥವಲ್ಲ. 2021ರ ನವೆಂಬರ್‌ನಿಂದ ಜಾರಿಯಲ್ಲಿರುವ, ರನ್‌ವೇಯ ಹಿಡಿತವನ್ನು ಅಂಕಿಯಲ್ಲಿ ತಿಳಿಸುವ ಅಂತರರಾಷ್ಟ್ರೀಯ ಕ್ರಮದಲ್ಲಿ ಒಣ ರನ್‌ವೇಗೆ 6, ಬರ್ಫಕ್ಕೆ 1, ಮೇಲೆ ನೀರಾಡುತ್ತಿರುವ ಬರ್ಫಕ್ಕೆ 0 ಎಂಬ ಸಂಕೇತಗಳಿವೆ. ಅರ್ಧ ಕರಗಿದ ಹಿಮ 3 ಮಿಲಿಮೀಟರಿನೊಳಗಿದ್ದರೆ 5, ಅದಕ್ಕಿಂತ ದಪ್ಪವಾದರೆ 2. ಅರ್ಧ ಕರಗಿದ ಈ ಹಿಮಕ್ಕೆ ನಾನು ‘ಹಿಮಗೆಸರು’ ಎಂದು ಬರೆದಿದ್ದೇನೆ. ಮಣ್ಣಿನ ನೆನಪು ತರುವುದೊಂದೇ ಅದರ ಕೊರತೆ.

ಎರಡನೆಯದು ‘ಪತನ’. ಸಣ್ಣ ವಿಮಾನಕ್ಕೆ ಏನಾದರೂ ತಲೆಬರಹದಲ್ಲಿ ‘ವಿಮಾನ ಪತನ’ ಎಂದು ಬರುವುದುಂಟು. ಗಾಲಿ ನೆಲ ಮುಟ್ಟಿದ ಮೇಲೆ ಜಾರಿದ್ದು ಪತನ ಹೇಗಾದೀತು? ತನಿಖೆಯ ನಿಯಮಗಳಲ್ಲಾದರೆ, ಸಾವು, ತೀವ್ರ ಗಾಯ ಅಥವಾ ವಿಮಾನದ ರಚನೆಗೆ ದೊಡ್ಡ ಹಾನಿಯಾದಾಗ ‘ಅಪಘಾತ’. ಪ್ರೊಪೆಲ್ಲರ್, ಟೈರು, ಬ್ರೇಕುಗಳಿಗಷ್ಟೇ ಪೆಟ್ಟಾದರೆ ಅದು ಕೆಳಗಿನ ದರ್ಜೆಯದು. ಆ ಕೆಳಗಿನ ದರ್ಜೆಗೆ ‘ಘಟನೆ’ ಎಂದರೆ ಮದುವೆಯೂ ಘಟನೆಯೇ. ‘ಅವಘಡ’ ಎಂದರೆ ಅನೇಕರಿಗೆ ಅದೂ ಅಪಘಾತವೇ. ಇವೆರಡನ್ನೂ ಬಿಟ್ಟು ಬಳಕೆಯಲ್ಲಿರುವ ಪದವೊಂದಿದ್ದರೆ ದಯವಿಟ್ಟು ತಿಳಿಸಿ. ‘ಬರ್ಫ’ ದಕ್ಷಿಣದ ಜಿಲ್ಲೆಗಳ ಓದುಗರಿಗೂ ಸಲೀಸಾಗುವುದೇ ಎಂಬುದನ್ನು ಆ ಕಡೆಯವರು ಹೇಳಿದರೆ ಉಪಕಾರವಾದೀತು.